ಮೆರ್ಲಿನ್ನನ ಕಣ್ಣೀರು: ಮಾನ್‌ಮತ್‌ನ ಜೆಫ್ರಿಯ ಕೃತಿಗಳಲ್ಲಿ ಭಾವ ಮತ್ತು ಭವಿಷ್ಯವಾಣಿ

೧

ಐರೋಪ್ಯ ಸಾಹಿತ್ಯದಲ್ಲಿ ಬರುವ ಮಾಂತ್ರಿಕರೊಳಗೆ ಮೆರ್ಲಿನ್ನನಷ್ಟು ಖ್ಯಾತಿಯನ್ನು ಪಡೆದವನು ಮತ್ತೊಬ್ಬನಿಲ್ಲ. ಆರ್ಥರ್ ದೊರೆಯ ಕಥೆಯನ್ನು ಬಲ್ಲವರೆಲ್ಲರೂ ಅವನ ಹೆಸರನ್ನು ಬಲ್ಲರು. ಉದ್ದನೆಯ ಗಡ್ಡ, ಕೈಯಲ್ಲಿ ದಂಡ, ಬಾಯಲ್ಲಿ ಮಂತ್ರ, ಇದು ಜನಸಾಮಾನ್ಯರ ಮನಸ್ಸಿನಲ್ಲಿ ನೆಲೆನಿಂತಿರುವ ಅವನ ರೂಪ. ಆದರೆ ಅವನನ್ನು ಗ್ರಂಥರೂಪದಲ್ಲಿ ಮೊತ್ತಮೊದಲು ಚಿತ್ರಿಸಿದ ಲೇಖಕನಲ್ಲಿ ಈ ರೂಪ ಕಾಣಸಿಗದು. ಹನ್ನೆರಡನೆಯ ಶತಮಾನದ ಆ ಮೂಲಕೃತಿಯಲ್ಲಿ ಮೆರ್ಲಿನ್ನನು ಗಡ್ಡ ಮೂಡದ ಹುಡುಗ, ದಂಡವನ್ನು ಹಿಡಿದವನಲ್ಲ, ಮಂತ್ರವನ್ನು ಜಪಿಸಿದವನೂ ಅಲ್ಲ. ಅವನು ಭವಿಷ್ಯವನ್ನು ನುಡಿಯುವುದಕ್ಕೆ ಮುಂಚೆ ಮಾಡುವ ಕೆಲಸ ಒಂದೇ: ಅಳುವುದು.

ಈ ಅಳುವಿನ ಅರ್ಥವೇನೆಂಬುದು ಪ್ರಸ್ತುತ ಲೇಖನದ ವಿಷಯ. ಮೆರ್ಲಿನ್ನನ ಭವಿಷ್ಯವಾಣಿಗಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಎರಡು ರೀತಿಯಿಂದ ಕಂಡಿದ್ದಾರೆ. ಕೆಲವರು ಅವುಗಳನ್ನು ಕಟ್ಟುಕಥೆಯೆಂದು ಬದಿಗೊತ್ತಿದರು. ಕೆಲವರು ಒಂದೊಂದು ವಾಕ್ಯಕ್ಕೂ ಒಂದೊಂದು ಘಟನೆಯನ್ನು ಹೊಂದಿಸಿ ಒಗಟು ಬಿಡಿಸಿದರು. ಈ ಎರಡು ಮಾರ್ಗಗಳಲ್ಲಿಯೂ ಭವಿಷ್ಯವನ್ನು ನುಡಿಯುವವನ ಭಾವಕ್ಕೆ ಸ್ಥಾನವಿಲ್ಲ. ಆ ಭಾವವನ್ನು ಬಿಟ್ಟು ಓದಿದರೆ ಕೃತಿಯಲ್ಲಿ ಇತಿಹಾಸಕ್ಕೆ ನಿಜವಾಗಿ ಉಪಯುಕ್ತವಾದ ಅಂಶವೇ ಕೈತಪ್ಪಿ ಹೋಗುವುದೆಂದು ತೋರಿಸುವುದು ಇಲ್ಲಿಯ ಉದ್ದೇಶ.

೨

ಗ್ರಂಥಕರ್ತನಾದ ಜೆಫ್ರಿಯು ವೇಲ್ಸ್ ಗಡಿಯ ಮಾನ್‌ಮತ್ ಊರಿನ ಹೆಸರನ್ನು ತನ್ನ ಹೆಸರಿನೊಡನೆ ಧರಿಸಿದ ಪಾದ್ರಿ. ೧೧೨೯ರಿಂದ ೧೧೫೧ರವರೆಗಿನ ಹಲವು ಶಾಸನಪತ್ರಗಳಲ್ಲಿ ಸಾಕ್ಷಿಯಾಗಿ ರುಜು ಹಾಕಿರುವುದರಿಂದ ಅವನು ಆಕ್ಸ್‌ಫರ್ಡಿನಲ್ಲಿ ವಾಸವಾಗಿದ್ದನೆಂದು ತಿಳಿಯುತ್ತದೆ. ಕೊನೆಗೆ ಉತ್ತರ ವೇಲ್ಸಿನ ಸೇಂಟ್ ಆಸಫ್ ಪೀಠಕ್ಕೆ ಬಿಷಪ್ಪನಾಗಿ ೧೧೫೨ರಲ್ಲಿ ಅಭಿಷಿಕ್ತನಾದನು. ಇಂಗ್ಲೆಂಡು ನಾರ್ಮನರ ಕೈವಶವಾದುದು ೧೦೬೬ರಲ್ಲಿ. ಆದುದರಿಂದ ಜೆಫ್ರಿಯು ಬಾಳಿದುದು ಮೂರು ಜನಾಂಗಗಳು ಒಂದರ ಮೇಲೊಂದು ಬಿದ್ದಿದ್ದ ನಾಡಿನಲ್ಲಿ: ಮೊದಲು ನೆಲವನ್ನು ಕಳೆದುಕೊಂಡ ಬ್ರಿಟನ್ನರು, ಅವರನ್ನು ಗೆದ್ದ ಸ್ಯಾಕ್ಸನರು, ಆ ಸ್ಯಾಕ್ಸನರನ್ನೂ ಗೆದ್ದ ನಾರ್ಮನರು.

ಮೆರ್ಲಿನ್ನನಿಗೆ ಸಂಬಂಧಪಟ್ಟಂತೆ ಅವನಿಂದ ಬಂದ ರಚನೆಗಳು ಮೂರು. ‘ಮೆರ್ಲಿನ್ನನ ಭವಿಷ್ಯವಾಣಿಗಳು’ ಎಂಬ ಚಿಕ್ಕ ಪುಸ್ತಕವು ಲಿಂಕನ್ನಿನ ಬಿಷಪ್ ಅಲೆಗ್ಸಾಂಡರನಿಗೆ ಅರ್ಪಿತವಾದದ್ದು. ಇದು ಮೊದಲು ಬಿಡಿಯಾಗಿ ಪ್ರಚಾರಕ್ಕೆ ಬಂದಿತು. ಅನಂತರ ಸುಮಾರು ೧೧೩೬ರಿಂದ ೧೧೩೮ರೊಳಗೆ ಮುಗಿದ ‘ಬ್ರಿಟನ್ನಿನ ರಾಜರ ಇತಿಹಾಸ’ದಲ್ಲಿ ಅದೇ ಏಳನೆಯ ಕಾಂಡವಾಗಿ ಸೇರಿತು. ಸುಮಾರು ೧೧೫೦ರಲ್ಲಿ ರಚಿತವಾದ ‘ಮೆರ್ಲಿನ್ನನ ಜೀವನ’ವು ೧೫೨೯ ಪಂಕ್ತಿಗಳ ಲ್ಯಾಟಿನ್ ಹೆಕ್ಸಾಮೀಟರ್ ಕಾವ್ಯ. ‘ಇತಿಹಾಸ’ದ ಇನ್ನೂರಕ್ಕೂ ಮಿಕ್ಕ ಹಸ್ತಪ್ರತಿಗಳು ಇಂದಿಗೂ ಉಪಲಬ್ಧವಾಗಿವೆ. ಮಧ್ಯಯುಗದ ಲೌಕಿಕ ಗ್ರಂಥವೊಂದಕ್ಕೆ ಇದು ಅಸಾಧಾರಣವಾದ ಪ್ರಸಾರ.

ಜೆಫ್ರಿಯು ಕಥೆಯನ್ನು ಶೂನ್ಯದಿಂದ ಸೃಷ್ಟಿಸಿದವನಲ್ಲ. ನೆನ್ನಿಯಸನ ಹೆಸರಿನಲ್ಲಿ ಪ್ರಸಿದ್ಧವಾದ, ಒಂಬತ್ತನೆಯ ಶತಮಾನದ ‘ಬ್ರಿಟನ್ನರ ಇತಿಹಾಸ’ದಲ್ಲಿ ಇದರ ಬೀಜವಿದೆ. ಆದರೆ ಅಲ್ಲಿಯ ಹುಡುಗನ ಹೆಸರು ಆಂಬ್ರೋಸಿಯಸ್. ಇತ್ತ ವೆಲ್ಷ್ ಐತಿಹ್ಯದಲ್ಲಿ ಮಿರ್ದಿನ್ ಎಂಬ ದ್ರಷ್ಟಾರನಿದ್ದನು. ಹತ್ತನೆಯ ಶತಮಾನದ ‘ಆರ್ಮೆಸ್ ಪ್ರಿದೈನ್’ ಎಂಬ ವೆಲ್ಷ್ ಕವಿತೆಯು ಅವನ ಹೆಸರಿನಲ್ಲಿ ಭವಿಷ್ಯವನ್ನು ಸಾರುತ್ತದೆ. ಈ ಇಬ್ಬರನ್ನು ಜೆಫ್ರಿಯು ಒಬ್ಬನನ್ನಾಗಿ ಮಾಡಿ ಮೆರ್ಲಿನ್ ಎಂದು ಕರೆದನು. ಹೀಗೆ ಎರಡು ಕೃತಿಗಳನ್ನು ಪಕ್ಕದಲ್ಲಿಟ್ಟು ನೋಡುವ ಅವಕಾಶ ನಮಗಿದೆ. ಜೆಫ್ರಿಯು ಏನನ್ನು ಸೇರಿಸಿದನೆಂಬುದರಿಂದಲೇ ಅವನ ಉದ್ದೇಶವನ್ನು ಊಹಿಸಬಹುದು.

೩

ಕಥೆಯ ಸಾರಾಂಶ ಹೀಗಿದೆ. ಸ್ಯಾಕ್ಸನರನ್ನು ತಾನಾಗಿ ಕರೆತಂದು, ಅವರಿಂದಲೇ ವಂಚಿತನಾದ ವೋರ್ಟಿಜರ್ನ್ ದೊರೆಯು ವೇಲ್ಸಿನ ಬೆಟ್ಟಗಳಿಗೆ ಓಡಿಬಂದು, ಎರಿರಿ ಪರ್ವತದಲ್ಲಿ ಗೋಪುರವೊಂದನ್ನು ಕಟ್ಟಿಸತೊಡಗುತ್ತಾನೆ. ಹಗಲು ಹಾಕಿದ ಅಸ್ತಿಭಾರವನ್ನು ರಾತ್ರಿ ನೆಲವು ನುಂಗಿಬಿಡುತ್ತದೆ. ತಂದೆಯಿಲ್ಲದ ಬಾಲಕನೊಬ್ಬನನ್ನು ಕೊಂದು ಅವನ ರಕ್ತವನ್ನು ಗಾರೆಗೂ ಕಲ್ಲಿಗೂ ಚಿಮುಕಿಸಬೇಕೆಂದು ಆಸ್ಥಾನದ ಮಾಂತ್ರಿಕರು ವಿಧಿಸುತ್ತಾರೆ. ದೂತರು ಕಾರ್ಮಾರ್ಥೆನ್ ಪಟ್ಟಣದಲ್ಲಿ ಅಂಥ ಹುಡುಗನನ್ನು ಕಂಡು ಅವನನ್ನೂ ಅವನ ತಾಯಿಯನ್ನೂ ಕರೆತರುತ್ತಾರೆ. ತನ್ನನ್ನು ಬಲಿಗಾಗಿ ತಂದಿರುವರೆಂದು ತಿಳಿದ ಹುಡುಗನು ದೊರೆಯನ್ನು ಬೇಡಿಕೊಳ್ಳುವುದಿಲ್ಲ. ಮಾಂತ್ರಿಕರನ್ನು ಕರೆಸೆಂದು ಹೇಳಿ, ಅಸ್ತಿಭಾರದ ಕೆಳಗೆ ಏನಿದೆಯೆಂದು ಅವರನ್ನೇ ಪ್ರಶ್ನಿಸುತ್ತಾನೆ. ಅವರಿಂದ ಉತ್ತರ ಬರುವುದಿಲ್ಲ. ಅಗೆದು ನೋಡಿದರೆ ಕೊಳ; ಕೊಳವನ್ನು ಬತ್ತಿಸಿದರೆ ತಳದಲ್ಲಿ ಪೊಳ್ಳಾದ ಎರಡು ಕಲ್ಲುಗಳು; ಅವುಗಳೊಳಗೆ ಮಲಗಿದ ಎರಡು ಘಟಸರ್ಪಗಳು, ಒಂದು ಬಿಳಿದು, ಒಂದು ಕೆಂಪು. ಎದ್ದ ಸರ್ಪಗಳು ಹೋರಾಡತೊಡಗುತ್ತವೆ. ಕೆಂಪು ಸರ್ಪವೆಂದರೆ ಬ್ರಿಟನ್ನರು, ಬಿಳಿ ಸರ್ಪವೆಂದರೆ ಸ್ಯಾಕ್ಸನರು.

ಈ ಹಂದರವೆಲ್ಲವೂ ನೆನ್ನಿಯಸನಲ್ಲಿ ಇದೆ. ಜೆಫ್ರಿಯು ಮಾಡಿರುವ ಬದಲಾವಣೆಗಳಲ್ಲಿ ಮೂರು ಮುಖ್ಯವಾದವು. ನೆನ್ನಿಯಸನಲ್ಲಿ ಮಾಂತ್ರಿಕರು ತಮಗೆ ತಿಳಿಯದೆಂದು ಒಪ್ಪಿಕೊಳ್ಳುತ್ತಾರೆ, ಅಷ್ಟೆ. ಜೆಫ್ರಿಯಲ್ಲಿ ಅವರು ಹೆದರಿ ಮೂಕರಾಗುತ್ತಾರೆ. ನೆನ್ನಿಯಸನ ಸರ್ಪಗಳು ಸಂಕೇತಗಳು ಮಾತ್ರ. ಜೆಫ್ರಿಯ ಕೆಂಪು ಸರ್ಪವು ಕೊಳದ ಅಂಚಿಗೆ ತಳ್ಳಲ್ಪಟ್ಟಾಗ ದುಃಖಿಸಿ, ಆ ದುಃಖದಿಂದಲೇ ತಿರುಗಿ ಬೀಳುತ್ತದೆ. ನೆನ್ನಿಯಸನ ಹುಡುಗನು ಸಮಚಿತ್ತದಿಂದ ಅರ್ಥವನ್ನು ವಿವರಿಸುತ್ತಾನೆ. ಜೆಫ್ರಿಯ ಹುಡುಗನು ಒಮ್ಮೆಲೇ ಕಣ್ಣೀರುಗರೆದು, ಅನಂತರವೇ ಭವಿಷ್ಯವಾಣಿಯ ಉಸಿರನ್ನು ಒಳಗೆಳೆದುಕೊಳ್ಳುತ್ತಾನೆ.

ಭಯ, ಶೋಕ, ಅಶ್ರು ಈ ಮೂರೂ ಜೆಫ್ರಿಯ ಕೊಡುಗೆ. ಇವು ಕೇವಲ ಅಲಂಕಾರವೆಂದು ಹೇಳುವಂತಿಲ್ಲ. ಏಕೆಂದರೆ ಇವುಗಳೊಡನೆ ಭವಿಷ್ಯವಾಣಿಯ ಒಳಾರ್ಥವೂ ಬದಲಾಗಿದೆ. ನೆನ್ನಿಯಸನಲ್ಲಿ ಕೆಂಪು ಸರ್ಪವು ಕೊನೆಗೆ ಗೆಲ್ಲುತ್ತದೆ. ಬ್ರಿಟನ್ನರು ಒಂದು ದಿನ ವೈರಿಗಳನ್ನು ಕಡಲಾಚೆಗೆ ಅಟ್ಟುವರೆಂಬುದೇ ಅಲ್ಲಿಯ ಸಂದೇಶ. ಜೆಫ್ರಿಯ ಮೆರ್ಲಿನ್ನನಾದರೋ ಕೆಂಪು ಸರ್ಪದ ಅಂತ್ಯಕ್ಕಾಗಿ ಮರುಗುವುದರಿಂದಲೇ ಮಾತನ್ನು ಪ್ರಾರಂಭಿಸುತ್ತಾನೆ. ಆಶ್ವಾಸನೆಯಾಗಿದ್ದದ್ದು ಪ್ರಲಾಪವಾಗಿದೆ. ಮುಂದೆ ಕಾಡ್ವಾಲಡರನೂ ಕೊನಾನನೂ ಒಂದಾಗಿ ನಾಡನ್ನು ಮರಳಿ ಪಡೆಯುವರೆಂಬ ಮಾತು ಬರುವುದಾದರೂ ಅದು ಪ್ರಲಾಪದ ನಡುವೆ ಮಿಂಚುವ ಆಶೆಯೇ ಹೊರತು ಅದರ ಮುಕ್ತಾಯವಲ್ಲ.

ಹುಡುಗನ ನಿರ್ಭಯತ್ವವನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ನಮ್ಮ ಅಲಂಕಾರ ಶಾಸ್ತ್ರವು ಭಯವನ್ನೂ ಶೋಕವನ್ನೂ ಬೇರೆ ಬೇರೆ ಸ್ಥಾಯಿಭಾವಗಳನ್ನಾಗಿ ಎಣಿಸಿದೆ. ಇಲ್ಲಿ ಆ ಭೇದವು ಪಾತ್ರಗಳನ್ನೇ ಎರಡು ಪಾಲಾಗಿ ವಿಂಗಡಿಸುತ್ತದೆ. ತಮ್ಮ ಪ್ರಾಣಕ್ಕೂ ಪದವಿಗೂ ಅಂಜುವ ಮಾಂತ್ರಿಕರು ಏನನ್ನೂ ಕಾಣಲಾರರು. ಪರರಿಗಾಗಿ ಅಳುವವನು ಮಾತ್ರ ಕಾಣಬಲ್ಲನು. ಮೆರ್ಲಿನ್ನನ ಧೈರ್ಯವು ಭಾವಶೂನ್ಯತೆಯಲ್ಲ. ತನಗಾಗಿ ಪಡುವ ಭಯದ ಸ್ಥಾನದಲ್ಲಿ ಜನಾಂಗಕ್ಕಾಗಿ ಪಡುವ ದುಃಖವು ತುಂಬಿಕೊಂಡಿರುವ ಸ್ಥಿತಿ. ಕ್ರೌಂಚದ ವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾದ ವೃತ್ತಾಂತವು ಓದುಗರಿಗೆ ಇಲ್ಲಿ ನೆನಪಾಗದಿರದು. ಆದರೆ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಅಲ್ಲಿ ಶೋಕದಿಂದ ಹುಟ್ಟಿದುದು ಕಾವ್ಯ. ಇಲ್ಲಿ ಹುಟ್ಟಿದುದು ರಾಜಕೀಯದ ಆಯುಧವೂ ಆಗಬಲ್ಲ ಒಂದು ವಸ್ತು.

೪

‘ಇತಿಹಾಸ’ದ ಮುಂದಿನ ಕಾಂಡದಲ್ಲಿಯೂ ಇದೇ ಕ್ರಮ ಮುಂದುವರಿಯುತ್ತದೆ. ಭವಿಷ್ಯವನ್ನು ಕೇಳಲು ಔರೀಲಿಯಸ್ ದೊರೆಯು ಕುತೂಹಲಪಟ್ಟಾಗ ಮೆರ್ಲಿನ್ನನು ನಿರಾಕರಿಸುತ್ತಾನೆ. ವಿನೋದಕ್ಕಾಗಿ ನುಡಿದರೆ ತನ್ನೊಳಗಿನ ಚೇತನವು ಮೂಕವಾಗುವುದೆಂದು ಅವನ ಅಭಿಪ್ರಾಯ. ಆಯರ್ಲೆಂಡಿನಿಂದ ಬೃಹತ್ ಶಿಲೆಗಳನ್ನು ತರಲು ಸೈನಿಕರು ಹಗ್ಗ ಏಣಿಗಳೊಡನೆ ಹೆಣಗುವಾಗ ಅವನು ನಗುತ್ತಾನೆ, ಅನಂತರ ತನ್ನ ಯಂತ್ರಕೌಶಲದಿಂದ ಅವುಗಳನ್ನು ಸುಲಭವಾಗಿ ಇಳಿಸುತ್ತಾನೆ. ಸ್ಟೋನ್‌ಹೆಂಜಿನ ಉತ್ಪತ್ತಿಗೆ ಜೆಫ್ರಿಯು ಕೊಡುವ ಕಥೆ ಇದು. ಆಕಾಶದಲ್ಲಿ ಘಟಸರ್ಪಾಕಾರದ ಧೂಮಕೇತುವು ಕಾಣಿಸಿಕೊಂಡಾಗ ಮತ್ತೆ ಅಳುತ್ತಾನೆ. ಔರೀಲಿಯಸನು ಸತ್ತನೆಂಬ ಸುದ್ದಿಯು ಆ ಅಳುವಿನ ಹಿಂದೆಯೇ ಬರುತ್ತದೆ.

ಆದರೆ ಟಿಂಟಾಜೆಲ್ ಕೋಟೆಯ ಪ್ರಸಂಗದಲ್ಲಿ ಈ ಭಾವಶಕ್ತಿಯ ಇನ್ನೊಂದು ಮುಖವು ಕಾಣುತ್ತದೆ. ಔರೀಲಿಯಸನ ತರುವಾಯ ದೊರೆಯಾದ ಅವನ ತಮ್ಮ ಊಥರನು ಕಾರ್ನ್‌ವಾಲಿನ ಡ್ಯೂಕ್ ಗೋರ್ಲೊಯಿಸನ ಪತ್ನಿ ಇಗರ್ನಳಿಗಾಗಿ ಹಂಬಲಿಸಿ ಕೊರಗುತ್ತಾನೆ. ಆ ವ್ಯಥೆಯ ತೀವ್ರತೆಯಿಂದ ಮನಕರಗಿದ ಮೆರ್ಲಿನ್ನನು ಔಷಧಿಗಳ ಬಲದಿಂದ ದೊರೆಗೆ ಗೋರ್ಲೊಯಿಸನ ರೂಪವನ್ನೇ ಕೊಡುತ್ತಾನೆ. ಅದೇ ರಾತ್ರಿ ಗೋರ್ಲೊಯಿಸನು ಯುದ್ಧದಲ್ಲಿ ಸಾಯುತ್ತಾನೆ. ವಂಚಿತಳಾದ ಇಗರ್ನಳ ಗರ್ಭದಲ್ಲಿ ಆರ್ಥರನು ಅಂಕುರಿಸುತ್ತಾನೆ. ದೊರೆಯ ದುಃಖಕ್ಕೆ ಕರಗಿದ ಮೆರ್ಲಿನ್ನನು ಗೋರ್ಲೊಯಿಸನಿಗಾಗಿ ಒಂದು ಹನಿ ಕಣ್ಣೀರನ್ನೂ ಸುರಿಸುವುದಿಲ್ಲ. ಅನುಕಂಪವು ಬಲಶಾಲಿಯ ಕಡೆಗೆ ಮಾತ್ರ ಹರಿದಾಗ ಅದು ಅನ್ಯಾಯಕ್ಕೆ ಉಪಕರಣವಾಗುತ್ತದೆಂಬ ಅರಿವು ಲೇಖಕನಿಗೆ ಇತ್ತೋ ಇಲ್ಲವೋ, ಕಥೆಗಂತೂ ಇದೆ. ಈ ಪ್ರಸಂಗದ ತರುವಾಯ ಮೆರ್ಲಿನ್ನನು ‘ಇತಿಹಾಸ’ದ ರಂಗಕ್ಕೆ ಮತ್ತೆ ಬರುವುದಿಲ್ಲ. ಅವನೂ ಆರ್ಥರನೂ ಮುಖಾಮುಖಿಯಾಗುವ ದೃಶ್ಯವೊಂದೂ ಜೆಫ್ರಿಯಲ್ಲಿಲ್ಲ. ಆರ್ಥರನ ಗುರುವೂ ಮಂತ್ರಿಯೂ ಆದ ಮೆರ್ಲಿನ್ನನು ಮುಂದಿನ ಕವಿಗಳ ಸೃಷ್ಟಿ.

ಏಳನೆಯ ಕಾಂಡದ ಭವಿಷ್ಯವಾಣಿಗಳನ್ನು ಕಾವ್ಯದೃಷ್ಟಿಯಿಂದ ನೋಡಿದರೆ ಅವು ಎಲ್ಲೆಡೆಯೂ ಸಮನಾಗಿಲ್ಲ. ಆರಂಭದ ಭಾಗದಲ್ಲಿ ಅರ್ಥವೂ ಭಾವವೂ ಒಂದಾಗಿವೆ. ಕಾರ್ನ್‌ವಾಲಿನ ಹಂದಿಯೆಂದರೆ ಆರ್ಥರನು; ಮರದ ಮೇಲೆ ಬರುವ, ಕಬ್ಬಿಣದ ಅಂಗಿ ತೊಟ್ಟ ಜನರೆಂದರೆ ಹಡಗೇರಿ ಬಂದ ನಾರ್ಮನರು; ನ್ಯಾಯದ ಸಿಂಹವೆಂದರೆ ಒಂದನೆಯ ಹೆನ್ರಿ. ಸಿಂಹದ ಮರಿಗಳು ಕಡಲ ಮೀನುಗಳಾಗುವುವೆಂಬ ಮಾತಿನಲ್ಲಿ, ೧೧೨೦ರ ನವೆಂಬರಿನಲ್ಲಿ ‘ವೈಟ್ ಷಿಪ್’ ಎಂಬ ಹಡಗು ಮುಳುಗಿ ಹೆನ್ರಿಯ ಮಗ ವಿಲಿಯಮ್ಮನು ಜಲಸಮಾಧಿಯಾದ ದುರಂತವು ಸ್ಪಷ್ಟವಾಗಿದೆ. ಇಲ್ಲಿಂದಾಚೆಗೆ ಸ್ಪಷ್ಟತೆ ಕುಂದುತ್ತದೆ. ಮುಳ್ಳುಹಂದಿ, ನರಿ, ತೋಳ, ಬಕಪಕ್ಷಿ ಮೊದಲಾದ ಪ್ರಾಣಿಗಳ ಸಾಲು ಸಾಲೇ ಬಂದು ಓದುಗನು ಬಳಲುತ್ತಾನೆ. ಆರಂಭದ ಅಶ್ರುವು ಇಲ್ಲಿ ಮರೆತೇ ಹೋಗಿದೆಯೆನ್ನಬೇಕು. ನಕ್ಷತ್ರರಾಶಿಗಳು ದಾರಿತಪ್ಪಿ, ಕಡಲು ಉಕ್ಕಿ, ಗಾಳಿಗಳು ಸೆಣಸಾಡುವ ಕೊನೆಯ ಚಿತ್ರದಲ್ಲಿ ಮಾತ್ರ ಮೊದಲಿನ ಗಾಂಭೀರ್ಯವು ಮರಳುತ್ತದೆ.

ಭವಿಷ್ಯವಾಣಿಯು ಯಾವ ವರ್ಷದವರೆಗೆ ಸ್ಫುಟವಾಗಿದ್ದು ಯಾವಾಗ ಮಸುಕಾಗುವುದೋ ಆ ಸಂಧಿಯೇ ಅದರ ರಚನೆಯ ಕಾಲವೆಂಬ ಸೂತ್ರವು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಕನ್ನಡ ನಾಡಿನ ಕಾಲಜ್ಞಾನ ಸಾಹಿತ್ಯಕ್ಕೂ ಈ ಸೂತ್ರವು ಅನ್ವಯಿಸುತ್ತದೆ. ವಿದ್ಯಾರಣ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ಕಾಲಜ್ಞಾನಗಳನ್ನು ವಿಜಯನಗರದ ಇತಿಹಾಸಕಾರರು ಆಧಾರಗಳಲ್ಲೊಂದಾಗಿ ಪರಿಶೀಲಿಸಿರುವರು. ಅಲ್ಲಿಯೂ, ಇಲ್ಲಿಯೂ, ಆಗಿಹೋದುದನ್ನು ಆಗಲಿರುವುದೆಂಬಂತೆ ನುಡಿಯುವ ತಂತ್ರವು ಒಂದೇ. ಆದರೆ ಕಾಲನಿರ್ಣಯವಾದ ಕೂಡಲೇ ಇತಿಹಾಸಕಾರನ ಕೆಲಸ ಮುಗಿಯಿತೆನ್ನಲಾಗದು. ಆಗಿಹೋದ ಸಂಗತಿಯನ್ನು ಹೇಳಲು ಭವಿಷ್ಯದ ವೇಷವೇಕೆ ಬೇಕಾಯಿತೆಂಬ ಪ್ರಶ್ನೆಯು ಉಳಿಯುತ್ತದೆ. ಸೋತ ಜನಾಂಗವು ತನ್ನ ಸೋಲನ್ನು ಮೊದಲೇ ಕಂಡವನೊಬ್ಬನಿದ್ದನೆಂದೂ, ಅವನು ಅದಕ್ಕಾಗಿ ಅತ್ತನೆಂದೂ ನಂಬಿದರೆ, ಆ ಸೋಲು ಅರ್ಥವಿಲ್ಲದ ಆಕಸ್ಮಿಕವಾಗಿ ಉಳಿಯುವುದಿಲ್ಲ. ಈ ಸಾಂತ್ವನವೇ ವೇಷದ ಪ್ರಯೋಜನ.

೫

‘ಮೆರ್ಲಿನ್ನನ ಜೀವನ’ವು ಬರುವ ಹೊತ್ತಿಗೆ ದೇಶದ ಸ್ಥಿತಿಯು ಬದಲಾಗಿತ್ತು. ೧೧೩೫ರಲ್ಲಿ ಹೆನ್ರಿಯು ಮೃತನಾದ ಮೇಲೆ ಸ್ಟೀಫನನಿಗೂ ಮಟಿಲ್ಡಳಿಗೂ ನಡೆದ ಸಿಂಹಾಸನದ ಕಲಹದಲ್ಲಿ ಇಂಗ್ಲೆಂಡು ನಲುಗಿತು. ಈ ಕಾವ್ಯದ ಮೆರ್ಲಿನ್ನನು ದೊರೆಯೂ ಹೌದು, ದ್ರಷ್ಟಾರನೂ ಹೌದು. ಯುದ್ಧದಲ್ಲಿ ಮೂವರು ಸೋದರರು ಮಡಿದುದನ್ನು ಕಂಡು ಮೂರು ದಿನ ಅನ್ನಾಹಾರಗಳನ್ನು ತೊರೆದು ಗೋಳಾಡಿ, ಉನ್ಮತ್ತನಾಗಿ ಕ್ಯಾಲಿಡೋನಿಯದ ಕಾಡನ್ನು ಸೇರುತ್ತಾನೆ. ವೆಲ್ಷ್ ವಾರ್ಷಿಕ ದಾಖಲೆಯು ೫೭೩ನೆಯ ವರ್ಷದಲ್ಲಿ ಉಲ್ಲೇಖಿಸುವ ಆರ್ವ್‌ದೆರಿದ್ ಕದನದ ನೆನಪು ಈ ಕಥೆಯ ಹಿಂದಿದೆ. ಶೋಕವು ಇಲ್ಲಿ ಜ್ಞಾನಕ್ಕೆ ಮುನ್ನುಡಿಯಷ್ಟೇ ಅಲ್ಲ. ಅದೇ ರೋಗ, ಅದೇ ಶಕ್ತಿ.

ಈ ಕಾವ್ಯದಲ್ಲಿ ಅಳುವಿಗಿಂತ ನಗೆಯು ಹೆಚ್ಚು ಭಯಂಕರವಾದದ್ದು. ಸಂಕೋಲೆಯಲ್ಲಿ ಕಟ್ಟಿಸಿಕೊಂಡು ಭಾವನಾದ ರೋಡಾರ್ಕ್ ದೊರೆಯ ಆಸ್ಥಾನದಲ್ಲಿದ್ದಾಗ, ದೊರೆಯು ರಾಣಿಯ ತಲೆಗೂದಲಿನಿಂದ ಎಲೆಯೊಂದನ್ನು ಪ್ರೀತಿಯಿಂದ ತೆಗೆಯುವುದನ್ನು ಕಂಡು ಮೆರ್ಲಿನ್ನನು ನಗುತ್ತಾನೆ. ಆ ಎಲೆಯು ರಾಣಿಯು ಪ್ರಿಯಕರನೊಡನೆ ಮಲಗಿದ್ದ ಪೊದೆಯದು. ಆ ರಾಣಿ ಗಾನಿಯೆಡಳು ಅವನ ಸ್ವಂತ ತಂಗಿ. ಪಟ್ಟಣದ ಬಾಗಿಲಲ್ಲಿ ಭಿಕ್ಷೆ ಬೇಡುವವನನ್ನು ಕಂಡು ನಗುತ್ತಾನೆ. ಭಿಕ್ಷುಕನ ಕಾಲಡಿಯಲ್ಲಿಯೇ ನಿಧಿ ಹೂತಿದೆ. ಕೆರಗಳನ್ನೂ ಅವುಗಳ ತೇಪೆಗೆ ತೊಗಲನ್ನೂ ಕೊಳ್ಳುತ್ತಿರುವ ತರುಣನನ್ನು ಕಂಡು ನಗುತ್ತಾನೆ. ಆ ತರುಣನು ನೀರಿನಲ್ಲಿ ಮುಳುಗಿ ಸಾಯಲಿರುವನು. ತಿಳಿದವನಿಗೂ ತಿಳಿಯದವರಿಗೂ ನಡುವಿನ ಅಂತರವೇ ಈ ನಗೆ. ‘ಇತಿಹಾಸ’ದ ಹುಡುಗನ ಕಣ್ಣೀರು ಅವನನ್ನು ಜನರೊಡನೆ ಕೂಡಿಸಿತ್ತು, ‘ಜೀವನ’ದ ಉನ್ಮತ್ತನ ನಗೆಯು ಅವನನ್ನು ಜನರಿಂದ ಅಗಲಿಸುತ್ತದೆ.

ಆದುದರಿಂದಲೇ ಕಾವ್ಯದ ಮುಕ್ತಾಯಕ್ಕೆ ವಿಶೇಷ ಮಹತ್ತ್ವವಿದೆ. ಹೊಸದಾಗಿ ಚಿಮ್ಮಿದ ಬುಗ್ಗೆಯ ನೀರನ್ನು ಕುಡಿದು ಮೆರ್ಲಿನ್ನನು ಸ್ವಸ್ಥನಾಗುತ್ತಾನೆ. ಜನರು ಬಂದು ಮತ್ತೆ ರಾಜ್ಯವಾಳೆಂದು ಬೇಡಿದರೆ ಒಲ್ಲೆನೆನ್ನುತ್ತಾನೆ. ಕೊನೆಗೆ ಭವಿಷ್ಯವಾಣಿಯ ಚೇತನವು ಅವನನ್ನು ಬಿಟ್ಟು ಗಾನಿಯೆಡಳಲ್ಲಿ ಸೇರುತ್ತದೆ. ಜೆಫ್ರಿಯ ಕಾಲದ ಅಂತಃಕಲಹವನ್ನು ಸೂಚಿಸುವ ಮಾತುಗಳು ಅವಳ ಬಾಯಿಂದ ಹೊರಡುತ್ತವೆ. ತನ್ನ ಬಾಯಿ ಮುಚ್ಚಿತೆಂದು ಮೆರ್ಲಿನ್ನನು ಖೇದಪಡದೆ ಸೋದರಿಯನ್ನು ಅಭಿನಂದಿಸುತ್ತಾನೆ. ಹದಿನೈದು ವರ್ಷಗಳ ಹಿಂದೆ ಭವಿಷ್ಯವಾಣಿಯನ್ನು ಲೋಕಕ್ಕೆ ಬಿಟ್ಟ ಲೇಖಕನೇ ಈಗ ಅದರಿಂದ ಬಿಡುಗಡೆ ಹೊಂದುವುದನ್ನು ಆರೋಗ್ಯವೆಂದು ಚಿತ್ರಿಸಿದ್ದಾನೆ. ಇದನ್ನು ಜೆಫ್ರಿಯು ತನ್ನ ಮೊದಲ ಕೃತಿಯ ಮೇಲೆ ಬರೆದ ವಿಮರ್ಶೆಯೆಂದು ಪರಿಗಣಿಸಲು ಅಡ್ಡಿಯಿಲ್ಲ.

೬

ಆದರೆ ಲೋಕವು ‘ಜೀವನ’ವನ್ನು ಅಷ್ಟಾಗಿ ಓದಲಿಲ್ಲ; ‘ಭವಿಷ್ಯವಾಣಿ’ಗಳನ್ನೇ ಓದಿತು. ೧೧೭೨ರಲ್ಲಿ ಆಯರ್ಲೆಂಡಿನಿಂದ ಹಿಂದಿರುಗುತ್ತಿದ್ದ ಎರಡನೆಯ ಹೆನ್ರಿಯ ಪ್ರಸಂಗವೊಂದನ್ನು ವೇಲ್ಸಿನ ಜೆರಾಲ್ಡನು ಬರೆದಿಟ್ಟಿದ್ದಾನೆ. ಆಯರ್ಲೆಂಡನ್ನು ಗೆದ್ದ ದೊರೆಯು ಸೇಂಟ್ ಡೇವಿಡ್ಸಿನ ಒಂದು ಕಲ್ಲಿನ ಮೇಲೆ ಸಾಯುವನೆಂದು ಮೆರ್ಲಿನ್ನನ ಹೆಸರಿನಲ್ಲಿ ಒಂದು ಮಾತಿತ್ತು. ಹೆನ್ರಿಯು ಕಲ್ಲನ್ನು ಧೈರ್ಯವಾಗಿ ದಾಟಿ, ಸುಳ್ಳುಗಾರ ಮೆರ್ಲಿನ್ನನನ್ನು ಇನ್ನು ಯಾರು ನಂಬುವರೆಂದು ಕೇಳಿದನು. ಹಾಗಾದರೆ ಆಯರ್ಲೆಂಡನ್ನು ಗೆಲ್ಲುವ ದೊರೆಯು ನೀನಲ್ಲವೆಂದು ನಿಂತಿದ್ದವನೊಬ್ಬನು ಉತ್ತರಿಸಿದನಂತೆ. ಭವಿಷ್ಯವಾಣಿಯನ್ನು ಘಟನೆಯಿಂದ ಸುಳ್ಳಾಗಿಸಲು ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಸುಮಾರು ೧೧೯೮ರಲ್ಲಿ ನ್ಯೂಬರ್ಗಿನ ವಿಲಿಯಮ್ಮನು ತನ್ನ ಚರಿತ್ರೆಯ ಪೀಠಿಕೆಯಲ್ಲಿ ಜೆಫ್ರಿಯ ಮೇಲೆ ಕಠಿನವಾದ ದಾಳಿ ನಡೆಸಿದನು. ಬೀಡನ ಪ್ರಾಮಾಣಿಕ ಇತಿಹಾಸಕ್ಕೆ ವಿರುದ್ಧವಾದುದೆಲ್ಲವೂ ಕಲ್ಪನೆ, ಭವಿಷ್ಯವಾಣಿಗಳೂ ಸುಳ್ಳು ಎಂಬುದು ಅವನ ವಾದ. ಸಂಗತಿಗಳ ಮಟ್ಟಿಗೆ ಅವನ ತೀರ್ಪು ಸರಿಯಾದದ್ದೇ. ಐದನೆಯ ಶತಮಾನದ ಬ್ರಿಟನ್ನಿನ ಇತಿಹಾಸಕ್ಕೆ ಜೆಫ್ರಿಯನ್ನು ಆಧಾರವಾಗಿ ಇಂದು ಯಾರೂ ಹಿಡಿಯರು. ಆದರೆ ಹೆಸರಾಂತ ಚರಿತ್ರಕಾರನೊಬ್ಬನು ಇಷ್ಟು ಕೋಪಗೊಳ್ಳಬೇಕಾಯಿತೆಂಬುದೇ ಆ ಮಾತುಗಳು ಜನರ ಮನಸ್ಸಿನಲ್ಲಿ ಎಷ್ಟು ಬೇರೂರಿದ್ದುವೆಂಬುದಕ್ಕೆ ಸಾಕ್ಷಿ. ಸುಳ್ಳೆಂದು ಸಾಧಿಸಿದ ಮಾತ್ರಕ್ಕೆ ಅವು ಸಾಯಲಿಲ್ಲ. ೧೪೦೫ರಲ್ಲಿ ಓವೆನ್ ಗ್ಲೆಂಡೋವರನೂ ಅವನ ಮಿತ್ರರೂ ಇಂಗ್ಲೆಂಡನ್ನು ಮೂರಾಗಿ ಹಂಚಿಕೊಳ್ಳಲು ಮಾಡಿಕೊಂಡ ಒಪ್ಪಂದದಲ್ಲಿ ಪ್ರವಾದಿಯ ಮಾತಿನ ಪ್ರಸ್ತಾಪವಿದೆ. ೧೪೮೫ರಲ್ಲಿ ಹೆನ್ರಿ ಟ್ಯೂಡರನು ಬಾಸ್‌ವರ್ತ್ ಕದನದಲ್ಲಿ ಕೆಂಪು ಘಟಸರ್ಪದ ಧ್ವಜವನ್ನೆತ್ತಿದನು. ಮರುವರ್ಷ ಹುಟ್ಟಿದ ಹಿರಿಯ ಮಗನಿಗೆ ಆರ್ಥರನೆಂದು ಹೆಸರಿಟ್ಟನು. ಅವನ ಎರಡನೆಯ ಮಗ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿಯೇ, ೧೫೪೨ರ ಸುಮಾರಿಗೆ, ಲಾಂಛನಗಳನ್ನೂ ಪ್ರಾಣಿಸಂಕೇತಗಳನ್ನೂ ಆಧರಿಸಿದ ಭವಿಷ್ಯವಾಣಿಗಳನ್ನು ಘೋರಾಪರಾಧವೆಂದು ಸಾರುವ ಶಾಸನವಾಯಿತು. ಭವಿಷ್ಯವಾಣಿಯ ಧ್ವಜ ಹಿಡಿದು ಸಿಂಹಾಸನವನ್ನೇರಿದ ವಂಶವು, ಏರಿದ ಮೇಲೆ, ಇತರರು ಅದೇ ಏಣಿಯನ್ನು ಬಳಸದಂತೆ ನಿಷೇಧಿಸಿತು.

ಈ ದೀರ್ಘ ಪರಂಪರೆಯಲ್ಲಿ ಒಂದು ಸಂಗತಿಯು ಗಮನಾರ್ಹವಾಗಿದೆ. ಒಪ್ಪಂದ ಮಾಡಿಕೊಂಡವರಿಗೂ, ಧ್ವಜವೆತ್ತಿದವರಿಗೂ, ಶಾಸನ ಹೊರಡಿಸಿದವರಿಗೂ ಬೇಕಾದುದು ಸರ್ಪ, ಸಿಂಹ, ಹಂದಿಗಳು ಮಾತ್ರ. ಕಣ್ಣೀರು ಯಾರಿಗೂ ಬೇಕಾಗಲಿಲ್ಲ. ಅಧಿಕಾರವು ಭವಿಷ್ಯವಾಣಿಯಿಂದ ಭಾವವನ್ನು ಸೋಸಿ ತೆಗೆದು ಸಂಕೇತವನ್ನಷ್ಟೇ ಉಳಿಸಿಕೊಳ್ಳುತ್ತದೆ. ಒಗಟು ಬಿಡಿಸುವುದರಲ್ಲಿಯೇ ತೃಪ್ತರಾದ ವಿದ್ವಾಂಸರೂ ಅರಿಯದೆಯೇ ಇದೇ ಕಾರ್ಯವನ್ನು ಮಾಡಿದ್ದಾರೆಂದು ಹೇಳದೆ ವಿಧಿಯಿಲ್ಲ.

ಜೆಫ್ರಿಯ ಕೃತಿಗಳಲ್ಲಿ ಸಂಗತಿಗಳು ಅನೇಕ ಸುಳ್ಳು. ಭವಿಷ್ಯವಾಣಿಗಳು ಆದ ಮೇಲೆ ಬರೆದವು. ಸಂಕೇತಗಳು ಯಾರಿಗೆ ಬೇಕಾದರೂ ಬಗ್ಗುವಂಥವು. ಆದರೆ ನೆಲವನ್ನು ಕಳೆದುಕೊಂಡ ಜನರ ಕಥೆಯನ್ನು, ಗೆದ್ದವರ ಭಾಷೆಯಲ್ಲಿ, ಗೆದ್ದವರ ಆಶ್ರಯದಲ್ಲಿ ಬರೆಯುತ್ತಿದ್ದ ಪಾದ್ರಿಯೊಬ್ಬನು, ಆ ಕಥೆಯ ದ್ರಷ್ಟಾರನು ಮೊದಲು ಅಳಬೇಕೆಂದು ತೀರ್ಮಾನಿಸಿದುದು ಮಾತ್ರ ಸತ್ಯವಾದ ಐತಿಹಾಸಿಕ ಸಂಗತಿ. ಹನ್ನೆರಡನೆಯ ಶತಮಾನದ ಬ್ರಿಟನ್ನಿನಲ್ಲಿ ಸೋಲಿನ ನೆನಪು ಇನ್ನೂ ಹಸಿಯಾಗಿತ್ತೆಂಬುದಕ್ಕೆ ಇದು ಸಾಕ್ಷ್ಯ. ಕಾಲಜ್ಞಾನ ಗ್ರಂಥವೊಂದನ್ನು ತರಗತಿಯಲ್ಲಿ ಬೋಧಿಸುವವರು ಅದು ಯಾವಾಗ ರಚಿತವಾಯಿತು, ಯಾರನ್ನು ಕುರಿತದ್ದು ಎಂಬ ಪ್ರಶ್ನೆಗಳೊಡನೆ, ಅದನ್ನು ನುಡಿದವನು ಯಾರಿಗಾಗಿ ಅತ್ತನೆಂಬ ಮೂರನೆಯ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.